ಲಾಂಡ್ರಿ ಮಾವ ಹಕ್ಕಿ ತೊಳೆದದ್ದು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಹಕ್ಕಿಯದಂತೂ ಅಲ್ಲ. ಅದು ತನ್ನ ಪಾಡಿಗೆ ಕೂತಿತ್ತು. ನಮ್ಮ ಬೀದಿಯ ಲಾಂಡ್ರಿ ಮಾವನ ಕೈಯೇ ಸುಮ್ಮನಿರಲಿಲ್ಲ. ಅವರ ಹೆಂಡತಿ, ನಮಗೆಲ್ಲ ಅತ್ತೆ, ತಮ್ಮ ತಂಗಿಯ ಮನೆಗೆ ಹೊರಡುವಾಗ ಹೇಳಿದ್ದು ಇಷ್ಟೇ: "ಲವ್ ಬರ್ಡ್ಸ್‌ಗೆ ತಟ್ಟೇಲಿ ನೀರಿಡಿ. ತಾವೇ ಸ್ನಾನ ಮಾಡ್ಕೊತಾವೆ, ಪುಕ್ಕಕ್ಕೆ ಒಳ್ಳೇದು."

"ತಾವೇ ಮಾಡ್ಕೊಳ್ಳೋದಾ? ರೇಷ್ಮೆ ಸೀರೆಗೆ ಹೊಳಪು ತಂದ ಕೈ ಕಣೇ ಇದು. ಹಿಡಿಯಷ್ಟು ಪುಕ್ಕ ಯಾವ ಲೆಕ್ಕ?"

ಅತ್ತೆ ಬೀದಿ ತಿರುಗಿದ್ದೇ ತಡ, ಮಾವ ಅಂಗಿ ತೋಳು ಮಡಚಿದರು. ರೇಷ್ಮೆಗೆಂದೇ ಇಟ್ಟಿದ್ದ ಸೋಪನ್ನು ಬಕೆಟ್ಟಿನಲ್ಲಿ ಕದಡಿ, ಜೋಡಿಯಲ್ಲಿ ಹಸಿರು ಹಕ್ಕಿಯನ್ನು ಕತ್ತಿನವರೆಗೆ ಮುಳುಗಿಸಿ, ನವಿರಾಗಿ ಉಜ್ಜಿ, ಜಾಲಿಸಿ, ಟವೆಲ್ಲಿನಲ್ಲಿ ಸುತ್ತಿದರು. ಹಿಂಡುವುದೊಂದು ಬಾಕಿ, ದೇವರು ಅಷ್ಟರ ಮಟ್ಟಿಗೆ ಬುದ್ಧಿ ಕೊಟ್ಟಿದ್ದ.

ಟವೆಲ್ ಬಿಚ್ಚಿದರೆ ಹಕ್ಕಿಯೇ ಇಲ್ಲ. ಇದ್ದದ್ದು ಎರಡು ಕಣ್ಣು, ಒಂದು ಕೊಕ್ಕು, ಗಡಗಡ ನಡುಗುವ ಬೆರಳುದ್ದದ ಏನೋ ಒಂದು. ಪಂಜರದ ಕಡ್ಡಿಯ ಮೇಲೆ ಕೂರಿಸಿದರೆ ತೊಪ್ಪನೆ ಕೆಳಗೆ ಬಿತ್ತು. ಅದರ ಹಳದಿ ಜೋಡಿ ಇದ್ಯಾರಪ್ಪಾ ಎಂಬಂತೆ ಮೂಲೆಗೆ ಸರಿಯಿತು. ಮಾವ ಬಿದ್ದದ್ದನ್ನು ಅಂಗೈಗೆ ಎತ್ತಿಕೊಂಡರು. ಮರಿಯಿದ್ದಾಗಿನಿಂದ ಚಮಚದಲ್ಲಿ ತಿನ್ನಿಸಿ ಅತ್ತೆ ಉಳಿಸಿಕೊಂಡ ಜೀವ ಅದು.

ಅತ್ತೆಗೆ ಫೋನ್ ಮಾಡದೆ ವಿಧಿಯಿರಲಿಲ್ಲ.

"ಸೋಪ್ ಹಾಕಿದ್ರಾ?"

"ಮೈಲ್ಡು."

ಆ ಕಡೆ ಅತ್ತೆ ಚಪ್ಪಲಿ ಮೆಟ್ಟಿದ ಸದ್ದು.

"ಪುಕ್ಕದಲ್ಲಿ ಎಣ್ಣೆ ಇರುತ್ತೆ ರೀ. ಅದನ್ನ ತೊಳೆದುಬಿಟ್ರೆ ನೀರು ಸೀದಾ ಚರ್ಮಕ್ಕಿಳಿಯುತ್ತೆ. ಫ್ಯಾನ್ ಆರ್ಸಿ. ಪಂಜರದ ಪಕ್ಕ ಬಲ್ಬ್ ಹಚ್ಚಿ, ತೀರಾ ಹತ್ರ ಬೇಡ. ನಾನು ಬಂದೆ. ಅಲ್ಲೀವರೆಗೂ ಇಸ್ತ್ರಿಪೆಟ್ಟಿಗೆ ಮುಟ್ಟಿದ್ರೆ ನೋಡಿ."

ಮಾವ ಆಗಲೇ ಕಾಯಲಿಟ್ಟಿದ್ದ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚನ್ನು ಮೆಲ್ಲನೆ ಆರಿಸಿದರು.

ಅತ್ತೆ ಏದುಸಿರು ಬಿಡುತ್ತಾ ಬಂದು ಪಂಜರದ ಮುಂದೆ ಕುಕ್ಕರಿಸಿದರು. ಪಕ್ಕದಲ್ಲಿ ಮಾವ. ಹಕ್ಕಿ ಕಣ್ಣು ಮುಚ್ಚಿದಾಗಲೆಲ್ಲ ಇಬ್ಬರೂ ಬಗ್ಗಿ, ಉಸಿರಾಡುತ್ತಿದೆಯೇ ಎಂದು ನೋಡುತ್ತಿದ್ದರು. ಹಳದಿಯದು ಕೆಳಗಿಳಿದು ಬಂದು ಅದರ ಮೈಗೆ ಮೈ ತಾಗಿಸಿ ಕೂತಿತು. ಎಷ್ಟೋ ಹೊತ್ತಿನ ಮೇಲೆ ಹಸಿರಿನದು ಮೈ ಕೊಡವಿ, ಬಾಲದ ಬುಡಕ್ಕೆ ಕೊಕ್ಕು ಒತ್ತಿ, ಒಂದೊಂದೇ ಗರಿಗೆ ಎಣ್ಣೆ ಸವರತೊಡಗಿತು.

ಮಾವನಿಗೆ ಉಸಿರು ಬಂತು. ಜೊತೆಗೆ ಮಾತೂ ಬಂತು. "ನೋಡಿದ್ಯಾ, ಎಷ್ಟು ನಯವಾಗಿದೆ."

"ನಿಮ್ಮಂಗಡಿಗೆ ಬರೋ ಬಟ್ಟೆಗೆ ಬಾಯಿಲ್ಲ ರೀ. ಅದಕ್ಕೇ ನಿಮಗಿಷ್ಟು ಹೆಸರು."

ಮಾವ ಎದ್ದು ಹೋಗಿ ಬಕೆಟ್ಟಿನ ಸೋಪುನೀರು ಚೆಲ್ಲಿ ಬಂದರು.

ಈಗ ಹಕ್ಕಿಗಳ ಸ್ನಾನ ಬೆಳಿಗ್ಗೆ ಅಂಗಡಿ ಮುಂದಿನ ಬಿಸಿಲಲ್ಲಿ, ತಟ್ಟೆಯ ನೀರಿನಲ್ಲಿ, ತಾವೇ. ಒಮ್ಮೆ ಹೋಗಿ ಮಾತಾಡಿಸಿಕೊಂಡು ಬನ್ನಿ, ಒಳ್ಳೇ ಜನ. ಹಸಿರು ಹಕ್ಕಿ ಕಿರುಚಿದರೆ ಬೇಜಾರು ಮಾಡ್ಕೋಬೇಡಿ. ಅದು ನಿಮಗಲ್ಲ, ನಿಮ್ಮ ಹಿಂದೆ ಮಾವ ಅಂಗಿ ತೋಳು ಮಡಚುತ್ತಿರುತ್ತಾರೆ.