ಅಡುಗೆಮನೆ ಕಿಟಕಿಯ ನರಿ

ಮುಂಬಯಿಯ ಬೆಳಗಿನ ಲೋಕಲ್ ರೈಲಿನಲ್ಲಿ, ಅದೂ ಮುಲುಂಡ್‌ನಲ್ಲಿ ಹತ್ತಿದವಳಿಗೆ, ಕಿಟಕಿ ಸೀಟು ಸಿಕ್ಕಿದ್ದೇ ಎಲ್ಲಕ್ಕೂ ಮೂಲ. ಆ ಹಿಗ್ಗಿನಲ್ಲಿ ರಂಜನಾ ಸಂಜೆ ಪಕ್ಕದ ಫ್ಲ್ಯಾಟಿನ ಶಿವಕುಮಾರಿಯ ಮುಂದೆ ಬಾಯಿಬಿಟ್ಟಳು.

"ಇವತ್ತ ನರಿ ಮಾರಿ ನೋಡಿದ್ನ್ರಿ ಅಕ್ಕಾರ."

"ಹಂಗ ಎಲ್ಲಾರೂ ಅಂತಾರ ಬಿಡ."

"ಖರೇನ ನೋಡೀನ್ರಿ! ದಿನಾ ನಸುಕಿನ್ಯಾಗ ನಮ್ಮ ಕಿಡಕಿ ಹಿಂದ ಬರ್ತದ."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಗುಟ್ಟು ಕಾಯುವ ವಿಷಯದಲ್ಲಿ ತನ್ನ ಬಾಯಿ ಜರಡಿ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಇದೊಂದನ್ನು ಉಳಿಸಿಕೊಳ್ಳಬೇಕಿತ್ತು. ಮನೆ ಏಳುವ ಮೊದಲಿನ ಅರ್ಧ ಗಂಟೆ ಅವಳೊಬ್ಬಳದು. ಅವಳು ನೆಲಮಹಡಿಯ ಅಡುಗೆಮನೆ ಕಿಟಕಿಯಲ್ಲಿ ಚಹಾ ಹಿಡಿದು ನಿಲ್ಲುತ್ತಿದ್ದಳು. ಹಿಂದಿನ ಖಾಡಿಯ ಹಿನ್ನೀರಿನ ಪೊದೆಯಿಂದ ಬಂದ ನರಿ ಕಾಂಪೌಂಡ್ ಗೋಡೆಯ ಒಡಕಿನಲ್ಲಿ ನಿಂತು ನೋಡುತ್ತಿತ್ತು. ಊಟದ ಡಬ್ಬಿ ಕೇಳುತ್ತಿರಲಿಲ್ಲ, ಕಾಲುಚೀಲ ಎಲ್ಲಿ ಎನ್ನುತ್ತಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ಸಭ್ಯ ಜೀವ ಇನ್ನೊಂದು ಅವಳಿಗೆ ಕಂಡಿರಲಿಲ್ಲ.

ಮರುದಿನ ನಸುಕಿನಲ್ಲೇ ಬೆಲ್ಲು. ಮುಂದೆ ಮಗಳ ಕೈಹಿಡಿದ ಶಿವಕುಮಾರಿ, ಹಿಂದೆ ಮೇಲಿನ ಮಹಡಿಯ ಚಂಪಾ, ಅವಳ ಹಿಂದೆ ಇಡೀ ಭಜನಾ ಮಂಡಳಿ.

"ಇಕಿನ್ನ ನೋಡ್ಲಿಕ್ಕೆ ಇವತ್ತ ವರನ ಕಡಿಯವರು ಬರ್ತಾರ. ಮೊದ್ಲ ನರಿ ಮಾರಿ ನೋಡ್ಲಿ," ಎಂದಳು ಶಿವಕುಮಾರಿ.

ಅಡುಗೆಮನೆ ಲೋಕಲ್‌ನ ಲೇಡೀಸ್ ಡಬ್ಬಿಯಂತೆ ತುಂಬಿತು. ಬನಿಯನ್ನಿನಲ್ಲೇ ಎದ್ದು ಬಂದ ಗಂಡ ಕಾಶಿನಾಥ ಅಷ್ಟು ಹೆಂಗಸರನ್ನು ಕಂಡು ಫ್ರಿಜ್ಜಿನ ಬಾಗಿಲ ಹಿಂದೆ ಅವಿತ. "ಯಾರ ಹೋದ್ರು?" ಎಂದು ಅಲ್ಲಿಂದಲೇ ಗಾಬರಿಯಿಂದ ಕೇಳಿದ.

"ಯಾರೂ ಹೋಗಿಲ್ರೀ. ಇನ್ನೂ ಬರ್ಲಿಕ್ಕತ್ತಾರ."

ನರಿ ಬಂತು. ಕಿಟಕಿಯ ಸರಳುಗಳಿಗೆ ಅಂಟಿದ್ದ ಮುಖಗಳನ್ನು ಕಂಡು ಬಂದ ಹಾಗೇ ಹೋಯಿತು.

"ನನಗ ಬರೇ ಬಾಲ ಕಾಣ್ತು," ಎಂದಳು ಚಂಪಾ. "ನಾಳೆ ನಮ್ಮನಿಯವರ್ನೂ ಕರಕೊಂಡ ಬರ್ತೀನಿ. ಚಹಾಕ್ಕ ಒಂಚೂರು ಶುಂಠಿ ಹಾಕ ರಂಜನಾ."

ನಾಳೆ! ರಂಜನಾ ಶುಂಠಿ ಜಜ್ಜುವುದನ್ನು ಅಲ್ಲಿಗೇ ಬಿಟ್ಟಳು. ಅಷ್ಟರಲ್ಲಿ ಅವಳ ಮಗಳು ನೇತ್ರಾ ಮೊಬೈಲ್ ನೋಡುತ್ತ ಬಂದಳು. "ಮಮ್ಮಿ, ನರಿ, ತೋಳ, ನಾಯಿ ಸಬ್ ಒಂದೇ ಫ್ಯಾಮಿಲಿ, ಮಾಲೂಮ್ ಹೈ?"

ರಂಜನಾಳಿಗೆ ದಾರಿ ಕಂಡಿತು. ಒಂದೇ ಬಳಗ ಅಂದ ಮೇಲೆ ಒಬ್ಬರ ಹೆಸರನ್ನು ಇನ್ನೊಬ್ಬರಿಗಿಟ್ಟರೆ ಅದೇನು ಅಂಥ ಸುಳ್ಳಲ್ಲ.

"ತಪ್ಪಾತ್ರಿ ಅಕ್ಕಾರ. ನಾನೂ ಈಗ ಸರಿಯಾಗಿ ನೋಡ್ದೆ. ಅದು ನರಿ ಅಲ್ಲ, ಬೀದಿನಾಯಿ."

"ಅಯ್ಯ! ನಾಯಿ ಮಾರಿ ತೋರ್ಸಿ ನನ್ನ ಮಗಳ ಲಗ್ನ ಕೆಡಸ್ತಿದ್ದೆಲ್ಲ!" ಶಿವಕುಮಾರಿ ಕಪ್ಪು ಕುಕ್ಕಿದಳು. ಚಂಪಾ ಕಣ್ಣಿನ ಡಾಕ್ಟರ ವಿಳಾಸ ಕೊಟ್ಟು ಹೋದಳು.

ದಿನವಿಡೀ ಆಫೀಸಿನಲ್ಲಿ ರಂಜನಾ ಆ ಅವಮಾನವನ್ನು ಪೇಡೆಯಂತೆ ಚಪ್ಪರಿಸಿದಳು. ಬಿಲ್ಡಿಂಗಿಗೆಲ್ಲ ಪೆದ್ದಿಯಾದರೂ ಚಿಂತೆಯಿಲ್ಲ, ಬೆಳಗು ಉಳಿಯಿತಲ್ಲ.

ಸಂಜೆ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಗುರುಪಾದ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ದೊಡ್ಡದೊಂದು ಸ್ಟೀಲ್ ಬೋಗುಣಿ.

"ವೈನಿ, ದೊಡ್ಡ ಉಪಕಾರ ಆತು. ಬೀದಿನಾಯಿಗೋಳಿಗೆ ಅನ್ನ ಹಾಕಾಕ ಒಂದ ಜಾಗಾ ಗೊತ್ತ ಮಾಡ್ರಿ ಅಂತ ರೂಲ್ ಅದ. ಗೇಟಿನ ಕಡಿಯವರು ಒಲ್ಲೆ ಅಂತಾರ, ಪಾರ್ಕಿಂಗಿನವರು ಒಲ್ಲೆ ಅಂತಾರ. ನಿಮ್ಮ ಕಿಡಕಿ ಕೆಳಗ ಹೆಂಗೂ ನಾಯಿ ಬರ್ತದಂತಲ್ಲ. ಅಲ್ಲೇ ಅಂತ ಮೀಟಿಂಗಿನ್ಯಾಗ ಪಾಸ್ ಮಾಡೀವಿ. ಹಾಕವ್ರೂ ನೀವ. ದಿನಾ ನಸುಕಿನ್ಯಾಗ."

"ಗುರುಪಾದಣ್ಣ, ಅದು ನಾಯಿ ಅಲ್ಲ, ನರಿ!"

"ಮುಂಜಾನೆ ಎಲ್ಲಾರ ಮುಂದ ನಾಯಿ ಅಂದೀರಿ. ಈಗ ಅನ್ನ ಹಾಕೋದ ಬಂತಂದ್ರ ನರಿ ಏನ್ರಿ?" ಅವನು ನಗುತ್ತ ಬೋಗುಣಿಯನ್ನು ಅವಳ ಕೈಗಿಟ್ಟು ಲಿಫ್ಟಿನ ಕಡೆ ನಡೆದ.

ರಂಜನಾ ಅಡುಗೆಮನೆಗೆ ಹೋಗಿ ಕಿಟಕಿ ತೆರೆದಳು. ವಾಚ್‌ಮನ್ ಮೊದಲ ಕಂತಿನ ಅನ್ನ ಆಗಲೇ ಸುರಿದು ಹೋಗಿದ್ದ. ಗಲ್ಲಿಯ ನಾಯಿಗಳೆಲ್ಲ ಅದನ್ನು ನೆಕ್ಕಿ ಮುಗಿಸಿ, ಅವಳನ್ನು ಕಂಡದ್ದೇ ಒಟ್ಟಿಗೆ ಎದ್ದು ಬಾಲ ಅಲ್ಲಾಡಿಸಿದವು.

"ಬರ್ರಿ," ಎಂದಳು ಅವಳು ಸೋತ ದನಿಯಲ್ಲಿ. "ನಿಮಗೂ ಶುಂಠಿ ಹಾಕ್ಬೇಕೇನು?"