ತೋರಣದ ತುದಿಯ ಎಲೆ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಎಳೆದು, ರೊಟ್ಟಿಗೆ ಎಸರಿಟ್ಟೆ. ಆದರೆ ತಾಳಿಕೋಟೆಯಿಂದ ನಮ್ಮ ಅತ್ತೆಯ ಅಕ್ಕ ಬರುವವರಿದ್ದರು. ಈ ದೊಡ್ಡತ್ತೆ ಚಪ್ಪಲಿ ಬಿಡುವ ಮೊದಲೇ ಮನೆಯ ಯೋಗ್ಯತೆ ಅಳೆಯುವವರು. ಹೋದ ಸಲ ನಮ್ಮ ಕಿಟಕಿಯ ಧೂಳಿನ ಸುದ್ದಿ ಮುದ್ದೇಬಿಹಾಳದ ಬೀಗರವರೆಗೂ ಮುಟ್ಟಿತ್ತು. ಹಾಗಾಗಿ ಹಬ್ಬದಿಂದಲೂ ಬಾಗಿಲಲ್ಲೇ ಒಣಗುತ್ತಿದ್ದ ಮಾವಿನ ತೋರಣ ಬಿಚ್ಚಲು ಸ್ಟೂಲ್ ಹತ್ತಿದೆ.

ತುದಿಯ ಎಲೆಗೆ ಕೈ ಹಾಕಿದರೆ ಅದು ಪಕ್ಕಕ್ಕೆ ಸರಿಯಿತು. ನೋಡಿದರೆ ಪತಂಗ! ಸುರುಳಿಯಾದ ಅಂಚು, ನಡುವಿನ ನರ, ಹುಳ ಕೊರೆದಂಥ ತೂತಿನ ಗುರುತು, ಒಂದನ್ನೂ ಮರೆಯದೆ ಒಣ ಎಲೆಯ ವೇಷ ತೊಟ್ಟಿತ್ತು. ಕುಳಿತ ಭಂಗಿಯೋ, ತಲೆ ಕೆಳಗೆ, ಬಾಲ ತೊಟ್ಟಿನಂತೆ ಮೇಲೆ. ಕಾನ್ವೆಂಟಿನಲ್ಲಿ ಸಿಸ್ಟರ್ ಸ್ಕೇಲ್ ತೋರಿಸಿ ವರ್ಷಗಟ್ಟಲೆ ಬೆನ್ನು ನೆಟ್ಟಗೆ ಮಾಡಿಸಿದರೂ ನನ್ನದು ಬಾಗಿಯೇ ಇದೆ. ಇದಕ್ಕೆ ಯಾವ ಸಿಸ್ಟರ್ ಕಲಿಸಿದ್ದರೋ. ಇಂಥವು ಮಳೆಕಾಡಿನಲ್ಲಿರುವುದನ್ನು ಟಿವಿಯಲ್ಲಿ ಕಂಡಿದ್ದೆ, ಸಿಂದಗಿಯ ಬಿಸಿಲಿನಲ್ಲಿ ಕಂಡಿರಲಿಲ್ಲ. ತೋರಣ ಬಿಚ್ಚಿದರೆ ಅದರ ನೆಲೆ ಹೋಗುತ್ತದೆ, ಬಿಚ್ಚದಿದ್ದರೆ ನನ್ನ ಮಾನ. ಸ್ಟೂಲ್ ಇಳಿದು ರೊಟ್ಟಿ ಬಡಿಯಲು ಹೋದೆ. ಮುಗಿಸಿ ಬಂದಾಗಲೂ ಅದು ತುದಿಯಲ್ಲಿ ಅಲುಗದೆ ಜೋತುಕೊಂಡಿತ್ತು. ಎಂಥ ತಾಳ್ಮೆ ಎಂದುಕೊಂಡೆ.

ದೊಡ್ಡತ್ತೆ ಹೊಸ್ತಿಲಲ್ಲೇ ನಿಂತರು. "ಏನವಾ, ಹಬ್ಬ ಹೋಗಿ ಎಷ್ಟ್ ದಿನಾತು, ತೋರಣ ಬಿಚ್ಚಾಕ ಇನ್ನೂ ಪುರಸೊತ್ತಾಗಿಲ್ಲೇನು?"

"ತುದೀಗಿರೂದು ಎಲಿ ಅಲ್ರಿ ಅತ್ತಿ, ಪತಂಗ ಐತಿ."

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಉಸುರಾಡೂದೂ ಕಾಣವಲ್ದಲ್ಲ ತಂಗಿ."

"ಅದರ ವಿದ್ಯಾನ ಅದು ನೋಡ್ರಿ."

ದೊಡ್ಡತ್ತೆ ಕೈಮುಗಿದರು. ಅದು ಹಾರಿಹೋದೀತೆಂದು ಫ್ಯಾನ್ ಹಚ್ಚಗೊಡದೆ, ಬೆವರೊರೆಸಿಕೊಳ್ಳುತ್ತಲೇ ಉಂಡರು. ಬಸ್ಸಿಗೆ ಹೊರಟಾಗ ಧೂಳಿನ ಮಾತೇ ಇಲ್ಲ. "ಮನಶಾರಿಗೆ ಇಷ್ಟು ಶಿಸ್ತಿದ್ರ ಸಾಕಿತ್ತು ನೋಡು" ಎಂದು ತೋರಣಕ್ಕೆ ಇನ್ನೊಮ್ಮೆ ಕೈಮುಗಿದು ನಡೆದರು. ನನಗೂ ಆ ಶಿಸ್ತಿನಲ್ಲಿ ಪಾಲಿದೆಯೇನೋ ಅನ್ನಿಸಿ ಬೆನ್ನು ತಾನಾಗಿ ನೆಟ್ಟಗಾಯಿತು.

ಸಂಜೆ ಪಕ್ಕದ ಮನೆಯ ಗಂಗವ್ವ ಬಟ್ಟಲು ಹಿಡಿದು ಬಂದಳು. ನಾನು ತುಟಿಗೆ ಬೆರಳಿಟ್ಟು ತುದಿಯ ಎಲೆ ತೋರಿಸಿದೆ. ಅವಳು ಅದನ್ನು ಚಟ್ಟನೆ ಕಿತ್ತು ಅಂಗೈಯಲ್ಲಿ ಪುಡಿಮಾಡಿ ಊದಿದಳು.

"ನಿಮ್ಮ ತೋರಣದ ಪತಂಗ ನೀವು ರೊಟ್ಟಿ ಬಡಿಯೂ ಹೊತ್ತಿಗೇ ಹಾರಿ ಬಂದು ನಮ್ಮ ತುಳಸಿಕಟ್ಟಿ ಮ್ಯಾಲ ಬಾಲಾ ಎತ್ತಿ ಕುಂತೈತ್ರಿ ಅಕ್ಕಾರ. ಹೆಪ್ಪಿಗೆ ಒಂದೀಟು ಮೊಸರು ಕೊಡ್ರಿ."