ಶಾಂಭವಿಯ ಕೂಗುಗಂಬ

ಶುಕ್ರವಾರ ಬೆಳಗ್ಗೆ ಆರಕ್ಕೆ ಸರಿಯಾಗಿ ನನ್ನ ಸೊಸೆ ಶಾಂಭವಿ ಬಳೆಗಾರರ ಬೀದಿಯ ತುದಿಯಲ್ಲಿ ಒಂದು ಕಂಬಕ್ಕೆ ಹೊದಿಸಿದ್ದ ಬಟ್ಟೆ ಎಳೆದಳು. ಬೀದಿಯ ಜನವೆಲ್ಲ "ಓಹೋ!" ಎಂದರು. ಏನೆಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

"ಇದು ಕೂಗುಗಂಬ! ಮೇಲಿರೋದು ಬಾಯಿ, ನಡುವೆ ಇರೋದು ನಿಮ್ಮ ದೂರು ಕೇಳೋ ಕಿವಿ, ಕೆಳಗೆ ಚರಂಡೀಲಿರೋದು ಕಣ್ಣು. ಎಲ್ಲಾದ್ರೂ ಪೈಪ್ ಒಡೆದ್ರೆ ನೀರು ಚರಂಡಿಗೆ ತಾನೆ ಬರೋದು? ಕಣ್ಣಿಗೆ ಬಿತ್ತೋ, ತಕ್ಷಣ ತಾನೇ ವಾಲ್ವ್ ಮುಚ್ಚುತ್ತೆ. ನಾವು ಹೇಳಿಕೊಡಬೇಕಾಗಿಲ್ಲ, ಅದರ ತಲೆ ಅದಕ್ಕಿದೆ!" ಎಂದಳು.

ಶಾಂಭವಿ ನಮ್ಮ ಹಿರೇಗುಂಡನೂರು ಪುರಸಭೆಯಲ್ಲಿ ನೀರಿನ ಎಂಜಿನಿಯರ್. ಅವಳಷ್ಟು ಬುದ್ಧಿವಂತೆ ಈ ತಾಲ್ಲೂಕಿನಲ್ಲೇ ಇಲ್ಲ. ಅತ್ತೆಯಾದ ನಾನೇ ಹೀಗೆ ಹೇಳುತ್ತಿದ್ದೇನೆಂದರೆ ನೀವು ನಂಬಲೇಬೇಕು! ನಮ್ಮೂರಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಎಂದು ಯಾರಿಗೂ ತಿಳಿಯದು. ಎದುರುಮನೆ ಜಯಶೀಲಮ್ಮ ನಲ್ಲಿ ಕಾಯುತ್ತ ಕೂತು ಸ್ವಂತ ತಮ್ಮನ ಮದುವೆಯ ಮುಹೂರ್ತ ತಪ್ಪಿಸಿಕೊಂಡಳು. ಅದನ್ನು ಕೇಳಿದಾಗಿನಿಂದ ನನ್ನ ಸೊಸೆಗೆ ಊಟ ಸೇರುತ್ತಿರಲಿಲ್ಲ. "ನೀರು ಕೊಡೋದು ಅರ್ಧ ಕೆಲಸ ಅತ್ತೆ. ಎಷ್ಟೊತ್ತಿಗೆ ಕೊಡ್ತೀವಿ ಅಂತ ಹೇಳೋದು ಇನ್ನರ್ಧ," ಎನ್ನುತ್ತಿದ್ದಳು.

"ಕಂಬ ಹೇಳಿದ ಹೊತ್ತಿಗೆ ನೀರು ಬಂದೇ ಬರುತ್ತೆ. ಇದು ನನ್ನ ಮಾತು!" ಎಂದು ಗುಂಡಿ ಒತ್ತಿದಳು.

"ಮಹಾಜನಗಳೇ! ಎಂಟು ಗಂಟೆಗೆ ನೀರು!" ಎಂದು ಕಂಬ ಕೂಗಿತು. ದನಿ ನನ್ನದು! ಹಿಂದಿನ ವಾರವೆಲ್ಲ ನನ್ನನ್ನು ಕೂರಿಸಿಕೊಂಡು ಸಾವಿರಾರು ಪದ ಓದಿಸಿದ್ದಳು. ಮೈಕಿಲ್ಲದೆ ನಾಲ್ಕು ಬೀದಿಗೆ ಕೇಳುವ ಗಂಟಲು ಊರಲ್ಲಿ ಇದೊಂದೇ ಅಂತೆ. ಹೊಗಳಿಕೆಯೆಂದೇ ತಿಳಿದುಕೊಂಡೆ.

ಜನ ಚಪ್ಪಾಳೆ ತಟ್ಟಿ ಮನೆಗೆ ಓಡಿದರು. ನಾನೂ ಓಡಿದೆ. ಹೊಸ ನೀರು ಬರುತ್ತದೆ ಎಂದ ಮೇಲೆ ಹಳೇ ನೀರನ್ನು ಯಾವ ಮರ್ಯಾದಸ್ಥ ಹೆಂಗಸು ಇಟ್ಟುಕೊಳ್ಳುತ್ತಾಳೆ? ಎರಡು ಡ್ರಮ್ಮು, ಹನ್ನೊಂದು ಕೊಡ, ಒಂದು ಹಂಡೆ, ಎಲ್ಲವನ್ನೂ ಬಗ್ಗಿಸಿ ಚರಂಡಿಗೆ ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕತೊಡಗಿದೆ. ಅರವತ್ತು ಮನೆಯವರೂ ಅದನ್ನೇ ಮಾಡಿದರು. ಹಿಂದೆಲ್ಲ ಹೊತ್ತು ಗೊತ್ತಿಲ್ಲದೆ ಒಬ್ಬೊಬ್ಬರು ಒಂದೊಂದು ಗಳಿಗೆಯಲ್ಲಿ ಚೆಲ್ಲುತ್ತಿದ್ದೆವು. ಈಗ ಎಲ್ಲರೂ ಒಟ್ಟಿಗೇ! ಚರಂಡಿ ದಡ ಮೀರಿ ಹರಿಯಿತು.

ಎಂಟಕ್ಕೆ ಐದು ನಿಮಿಷವಿರುವಾಗ ಕಂಬ ಬಾಯಿ ಬಿಟ್ಟಿತು.

"ಅಯ್ಯಯ್ಯೋ! ಪೈಪ್ ಒಡೆದಿದೆ! ನೀರು ನಿಲ್ಲಿಸಿದ್ದೇನೆ!"

ವಾಲ್ವ್ ಬಿಡುವ ದೊಡ್ಡರಂಗಪ್ಪ ಹಾರೆ ಹಿಡಿದು ಮೂರು ಕಡೆ ರಸ್ತೆ ಅಗೆದ. "ಪೈಪ್ ಗುಂಡುಕಲ್ಲಿದ್ದಂಗೈತೆ ಮೇಡಮ್ಮೋರೆ! ಒಂದು ತೊಟ್ಟೂ ಸೋರ್ತಿಲ್ಲ!"

ಅಷ್ಟರಲ್ಲಿ ಚರಂಡಿ ಒಣಗಿತ್ತು. "ಪೈಪ್ ಸರಿಯಾಯಿತು! ಹತ್ತು ಗಂಟೆಗೆ ನೀರು!" ಎಂದಿತು ಕಂಬ. ನಂಬಿಕೆಯಿಲ್ಲದೆ ಒಂದೊಂದು ಡ್ರಮ್ಮು ಉಳಿಸಿಕೊಂಡಿದ್ದವರಿಗೆಲ್ಲ ಈಗ ನಂಬಿಕೆ ಬಂತು. ಅದನ್ನೂ ಚೆಲ್ಲಿದರು.

"ಅಯ್ಯಯ್ಯೋ! ಮತ್ತೆ ಒಡೆಯಿತು!"

ಜಯಶೀಲಮ್ಮ ನನ್ನ ಮೇಲೇ ಎಗರಿಬಿದ್ದಳು. "ನಿಮ್ಮ ಬಾಯಿಗಿಷ್ಟು! ಕೈ ತೊಳ್ಯೋಕೂ ನೀರಿಲ್ಲ!"

"ಕೂಗಿದ್ದು ನಾನಲ್ಲ ಕಣೇ, ಕಂಬ!"

"ದನಿ ನಿಮ್ದೇ ಅಲ್ವಾ?"

ಆಗ ಇದೇ ಬೀದಿಯಲ್ಲಿ ಮನೆ ಮಾಡಿಕೊಂಡಿರುವ ಪುರಸಭೆಯ ಮುಖ್ಯಾಧಿಕಾರಿ ಸದಾನಂದಯ್ಯನವರೇ ಬಂದರು. ತಲೆಗೆ ಬಳಿದುಕೊಂಡ ಕಪ್ಪು ಬಣ್ಣ ತೊಳೆಯಲು ನೀರಿಲ್ಲದೆ ಕಿವಿಯ ಮೇಲೆ ಇಳಿಯುತ್ತಿತ್ತು. ಅವರ ಕೂದಲು ಹುಟ್ಟಿನಿಂದಲೇ ಕಪ್ಪು ಎಂದು ಊರೆಲ್ಲ ನಂಬಿತ್ತು, ಪಾಪ!

"ಇಳಿಸ್ರೀ ಇದನ್ನ! ಗೋದಾಮಿಗೆ ಹಾಕಿ! ನಾಳೆಯಿಂದ ನಮ್ಮ ಮಾತು ಯಾರು ನಂಬ್ತಾರೆ?"

ಶಾಂಭವಿ ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಏನನ್ನೋ ಮೇಲಕ್ಕೆತ್ತಿದಳು.

"ಅತ್ತೆ, ಪೈಪ್ ಒಡೆದ್ರೆ ಹುಣಸೆಹಣ್ಣು ಬರುತ್ತಾ?"

ಸೊಸೆಯ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಎಲ್ಲರೆದುರಿಗೂ ಕೂಗಿ ಹೇಳಿದೆ: "ಸ್ವಾಮಿ, ಕಂಬದ್ದಲ್ಲ, ತಪ್ಪು ನಮ್ಮದು! ಹಳೇ ನೀರು ಚೆಲ್ಲಿದ್ವಿ!"

"ನಾಲ್ಕು ದಿನದ ನೀರು ಹಳೇದಾ ಅತ್ತೆ?" ಶಾಂಭವಿಗೆ ತಡೆಯಲಾಗಲಿಲ್ಲ. "ನೀವು ಹೊಸದು ಅನ್ನೋ ನೀರು ಅಣೆಕಟ್ಟಲ್ಲಿ ಹೋದ ಮಳೆಗಾಲದಿಂದ ಕೂತಿದೆ! ಏಳು ತಿಂಗಳಾಯ್ತು! ಶುದ್ಧ ಮಾಡಿ ಕಳಿಸೋದು ನಾವು. ಮುಚ್ಚಿಟ್ಟುಕೊಂಡ್ರೆ ನಾಲ್ಕು ದಿನಕ್ಕೆ ಅದಕ್ಕೇನೂ ಆಗಲ್ಲ!"

ಮುಖ್ಯಾಧಿಕಾರಿಗಳು ಸ್ವಲ್ಪ ತಣ್ಣಗಾದರು. "ಮಂಗಳವಾರದ ಸರದಿವರೆಗೆ ಟೈಮ್ ಕೊಡ್ತೀನಿ. ಅವತ್ತೂ ಹಿಂಗಾದ್ರೆ ಗೋದಾಮೇ," ಎಂದರು. ಆ ದಿನಕ್ಕೆ ದೊಡ್ಡರಂಗಪ್ಪನೇ ಕೈಯಿಂದ ವಾಲ್ವ್ ತಿರುಗಿಸಿ ನೀರು ಬಿಟ್ಟ.

ನಾಲ್ಕು ದಿನ ಶಾಂಭವಿ ಮನೆಮನೆಗೆ ಹೋಗಿ ಹೇಳಿದಳು, ಕಂಬದ ಕೆಳಗೆ ನಿಂತು ಹೇಳಿದಳು, ಚೀಟಿ ಹಂಚಿದಳು. ಎಲ್ಲರೂ ತಲೆಯಾಡಿಸಿದರು. ನಾನು ಎಲ್ಲರಿಗಿಂತ ಜೋರಾಗಿ ಆಡಿಸಿದೆ.

ಮಂಗಳವಾರ ಆರು ಗಂಟೆಗೆ ಕಂಬ "ಮಹಾಜನಗಳೇ!" ಎಂದಿತು. ಸುಳ್ಳೇಕೆ ಹೇಳಲಿ, ನನ್ನ ಕೈ ತಾನಾಗಿಯೇ ಡ್ರಮ್ಮಿನ ಅಂಚಿಗೆ ಹೋಯಿತು! ಹೊರಗೆ ಇಣುಕಿದೆ. ಜಯಶೀಲಮ್ಮ ಆಗಲೇ ಕೊಡ ಬಗ್ಗಿಸುತ್ತಿದ್ದಳು. ಶಾಂಭವಿ ಕಂಬ ಹಿಡಿದು ಕಣ್ಣು ಮುಚ್ಚಿಕೊಂಡಳು.

"ಎಂಟು ಗಂಟೆಗೆ," ಕಂಬ ನನ್ನ ದನಿಯಲ್ಲೇ ಮುಂದುವರಿಸಿತು, "ಹಳೇ ನೀರು ಬರುತ್ತದೆ! ಏಳು ತಿಂಗಳ ಹಳೇ ನೀರು! ನಿಮ್ಮ ಮನೆಯಲ್ಲಿರುವುದು ನಾಲ್ಕೇ ದಿನದ್ದು!"

"ಇದನ್ನ ನಾನು ಹೇಳಿಕೊಟ್ಟಿಲ್ಲ ಅತ್ತೆ!" ಎಂದು ಶಾಂಭವಿ ಗಾಬರಿಯಾದಳು. ಕೆಳಗೆ ನಿಂತು ಅವಳು ಹೇಳಿದ್ದನ್ನೆಲ್ಲ ಕಂಬದ ಕಿವಿ ಕೇಳಿಸಿಕೊಂಡಿತ್ತು. ಅವಳಿಗಿಂತ ಚೆನ್ನಾಗಿ ನಮ್ಮನ್ನು ಅರ್ಥ ಮಾಡಿಕೊಂಡೂ ಇತ್ತು.

ಜಯಶೀಲಮ್ಮ ಕೊಡವನ್ನು ಥಟ್ಟನೆ ನೆಟ್ಟಗೆ ಮಾಡಿದಳು. "ಹಂಗಾದ್ರೆ ನಮ್ಮನೇದೇ ಹೊಸದು!" ಎಂದು ಮುಚ್ಚಳ ಮುಚ್ಚಿ ಅದರ ಮೇಲೊಂದು ರುಬ್ಬುಗುಂಡನ್ನೂ ಇಟ್ಟಳು. ಒಬ್ಬರೂ ಒಂದು ಚೊಂಬು ಚೆಲ್ಲಲಿಲ್ಲ. ಚರಂಡಿ ಒಣಗಿಕೊಂಡೇ ಇತ್ತು. ಗಡಿಯಾರದಲ್ಲಿ ಎಂಟು ಹೊಡೆಯುವಾಗ ಅರವತ್ತು ನಲ್ಲಿಗಳೂ ಒಟ್ಟಿಗೇ ಬುಸ್ಸೆಂದವು! ಶಾಂಭವಿ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ನಾನೂ ಅತ್ತೆ.

ಅಭಿನಂದಿಸಲು ಸದಾನಂದಯ್ಯನವರು ನಮ್ಮ ಮನೆಗೇ ಬಂದರು. ಬಿಸಿಲಲ್ಲಿ ಬಂದಿದ್ದಾರೆಂದು ನಾನು ಲೋಟ ಹಿಡಿದು ಹರಿಯುತ್ತಿದ್ದ ನಲ್ಲಿಯ ಕಡೆ ಹೊರಟೆ.

"ಅಮ್ಮಾ, ನಲ್ಲಿದು ಬೇಡಿ," ಎಂದು ಅವರು ದನಿ ತಗ್ಗಿಸಿದರು. "ಡ್ರಮ್ಮಲ್ಲಿ ಹೊಸದು ಇದ್ರೆ ಕೊಡಿ."

ಊರಿಗೆಲ್ಲ ನೀರು ಕೊಡುವ ಸಾಹೇಬರು! ಎದುರು ಮಾತಾಡುವುದು ಸರಿಯಲ್ಲವೆಂದು ಶುಕ್ರವಾರದ್ದನ್ನೇ ತುಂಬಿಸಿ ಕೊಟ್ಟೆ.